ಅವ್ವನ ಹೆಸರಿನ ಸಾಲಿ

ಕೊಟ್ಟೂರಿನಲ್ಲಿ ಆ ಶಾಲೆಗೆ ಬೋರ್ಡಿನ ಮೇಲೊಂದು ಹೆಸರು, ಊರ ಬಾಯಲ್ಲೊಂದು ಹೆಸರು. ಬೋರ್ಡಿನದು ಉದ್ದ, ಯಾರೂ ಓದುವುದಿಲ್ಲ. ‘ಅವ್ವನ ಹೆಸರಿನ ಸಾಲಿ’ ಎಂದರೆ ಆಟೋದವರು ಸೀದಾ ಗೇಟಿಗೆ ತಂದು ಬಿಡುತ್ತಿದ್ದರು. ಊರವರು ಆ ಹೆಸರಿಟ್ಟಿದ್ದು ಅರ್ಧ ಪ್ರೀತಿಗೆ, ಅರ್ಧ ಕುಹಕಕ್ಕೆ.

ಬೆಳಿಗ್ಗೆ ಹಾಜರಿ ಕೂಗಿದಾಗ ಅಲ್ಲಿ ಬರೀ ‘ಬಂದೀನ್ರಿ’ ಅಂದರೆ ನಡೆಯುತ್ತಿರಲಿಲ್ಲ. ಎದ್ದು ನಿಂತು, ಅವ್ವನ ಹೆಸರು ಹಿಡಿದು ಹೇಳಬೇಕಿತ್ತು. “ದ್ಯಾಮಕ್ಕನ ಮಗಳು ಶಾಂತಕುಮಾರಿ, ಬಂದೀನ್ರಿ.” ಶಾಲೆ ಶುರುವಾದ ಮೊದಲ ದಿನ ಹಾಗೆ ಹೇಳಿ ಕೂತ ಹುಡುಗಿ ಇವತ್ತು ಅಲ್ಲಿಯ ಹಿರಿಯ ಟೀಚರು.

ಶಾಂತಕುಮಾರಿ ಕೂಡ್ಲಿಗಿ ಕಡೆಯ ಹಳ್ಳಿಯವಳು. ತಾಯಿ ದ್ಯಾಮಕ್ಕನಿಗೆ ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದರು. ದೇವರ ಹೆಸರು ನೆಪಕ್ಕೆ; ಅವಳನ್ನು ಅನುಭವಿಸಿದವರು ಊರ ದೊಡ್ಡ ಮನುಷ್ಯರು. ಅಂಥವಳ ಮಗಳು ಊರ ಶಾಲೆಗೆ ಹೋದರೆ ಅಲ್ಲಿಯ ಮಾಸ್ತರನಿಗೆ ಅದೊಂದು ಆಟ. “ನಿಮ್ಮಪ್ಪನ ಹೆಸರೇನವಾ?” ಎಂದು ದಿನಾ ಕೇಳುವುದು, ಹುಡುಗಿ ನೆಲ ನೋಡುವುದು, ಇಡೀ ಕ್ಲಾಸು ಕಿಸಕ್ಕನೆ ನಗುವುದು. ಆ ನಗು ಕೇಳಲಾರದೆ ಅವಳು ಶಾಲೆಯನ್ನೇ ಬಿಟ್ಟಳು.

ಆಗ ಕೊಟ್ಟೂರಿನ ಅನ್ನದಾನಮ್ಮ ತಮ್ಮ ಮನೆಯ ಪಡಸಾಲೆಯಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದರು. ಹತ್ತಿ ವ್ಯಾಪಾರದ ಮನೆತನದ ವಿಧವೆ, ಮಾತು ಒರಟು. ಐದನೇ ಕ್ಲಾಸಿನವರೆಗೆ ಓದಿಸಿ, ಹುಡುಗಿಯರನ್ನು ನವೋದಯ, ಮೊರಾರ್ಜಿ, ಕಿತ್ತೂರಿನ ಸೈನಿಕ ಶಾಲೆಗಳ ಪರೀಕ್ಷೆಗೆ ತಯಾರು ಮಾಡುವುದು ಅವರ ಗುರಿ. ಅವ್ವನ ಹೆಸರಿನ ಹಾಜರಿ ಅವರದೇ ಕಟ್ಟಳೆ. “ಅಪ್ಪ ಯಾರಂತ ಅವ್ವ ಹೇಳಬೇಕು. ಅವ್ವ ಯಾರಂತ ಯಾರೂ ಹೇಳಬೇಕಾಗಿಲ್ಲ” ಎನ್ನುತ್ತಿದ್ದರು. ಸಾವ್ಕಾರರ ಮಗಳಿಗೂ ಅದೇ, ದ್ಯಾಮಕ್ಕನ ಮಗಳಿಗೂ ಅದೇ. ಶಾಂತಕುಮಾರಿ ಓದಿದಳು, ಟೀಚರ್ ಟ್ರೇನಿಂಗ್ ಮುಗಿಸಿದಳು, ಬೇರೆಲ್ಲೂ ಅರ್ಜಿ ಹಾಕದೆ ಅದೇ ಪಡಸಾಲೆಗೆ ಮರಳಿದಳು.

ಅನ್ನದಾನಮ್ಮ ತೀರಿಕೊಂಡರು. ಗೋಡೆಯ ಮೇಲೆ ಫೋಟೋ ಆದರು, ಫೋಟೋಕ್ಕೆ ಪ್ಲಾಸ್ಟಿಕ್ ಹಾರ ಬಿತ್ತು. ಮಗ ಹಂಪೇಶ್ ಸೆಕ್ರೆಟರಿಯಾದ. ಪಡಸಾಲೆ ಇದ್ದಲ್ಲಿ ಮೂರಂತಸ್ತು ಎದ್ದಿತು, ಹಾಸ್ಟೆಲ್ ಬಂತು, ಹಡಗಲಿ, ಹರಪನಹಳ್ಳಿಯಿಂದಲೂ ಉಳ್ಳವರ ಮಕ್ಕಳು ಬಂದರು. ಹಂಪೇಶ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಜೊತೆ ಜಗಳವಾದರೂ ಆಡಬಹುದಿತ್ತು.

“ಅವ್ವನ ಕಾಲ ಬ್ಯಾರೆ ಇತ್ರಿ ಟೀಚರ್,” ಎಂದ ಒಂದು ದಿನ. “ಮನ್ನಿ ಪಾಲಕರ ಮೀಟಿಂಗಿನ್ಯಾಗ ಕೇಳಿದ್ರಲ್ಲ? ‘ನಮ್ಮ ಹುಡುಗಿಗೆ ಅಪ್ಪ ಅದಾನ, ಇಲ್ಲದೋರ ಸಾಲಿನ್ಯಾಗ ಯಾಕ ನಿಂದರಿಸ್ತೀರಿ’ ಅಂತಾರ. ಏನು ಹೇಳ್ಲಿ ನಾನು?”

“ಎಲ್ಲಾರೂ ಒಂದ ಸಾಲಿನ್ಯಾಗ ನಿಂತ್ರ, ಇಲ್ಲದೋರು ಯಾರಂತ ಗೊತ್ತಾಗಂಗಿಲ್ರಿ. ಅದಕ್ಕ ನಿಮ್ಮವ್ವಾರು ಹಂಗ ಮಾಡಿದ್ದು.”

“ನೀವು ಹಳಬರು, ನಿಮ್ಮ ಮಾತು ತಗದಹಾಕಂಗಿಲ್ಲ,” ಎಂದು ಹಂಪೇಶ್ ಆ ಮಾತನ್ನು ತೆಗೆದುಹಾಕಿದ. ಸೋಮವಾರದಿಂದ ಅಪ್ಪನ ಹೆಸರಿನ ಹಾಜರಿ. ಅಪ್ಪನ ಹೆಸರಿಲ್ಲದ ಐದನೇ ಕ್ಲಾಸಿನ ಸಮತಾಳ ನೆನಪಾಗಿ, ಹೊರಟ ಶಾಂತಕುಮಾರಿಗೆ ಹಿಂದಿನಿಂದ ಕೂಗಿ ಹೇಳಿದ: “ಆ ಹುಡುಗಿದೊಂದು ಅವ್ವನ ಹೆಸರ ಇರ್ಲಿ ಬಿಡ್ರಿ. ನಾವೇನು ಮನುಷ್ಯರಲ್ಲೇನು?”

ಎಂಥಾ ದೊಡ್ಡ ಮನಸ್ಸು! ಆ ಔದಾರ್ಯದಿಂದ ಸೋಮವಾರ ಏನಾಯಿತೆಂದರೆ, ಮೂವತ್ತು ಹುಡುಗಿಯರು ಅಪ್ಪನ ಹೆಸರು ಹೇಳಿ ಕೂತರು, ಸಮತಾ ಒಬ್ಬಳು ಎದ್ದು “ಮರುಳಸಿದ್ದಮ್ಮನ ಮಗಳು” ಎಂದಳು. ಹಿಂದಿನ ಬೆಂಚಿನಿಂದ ಅದೇ ಹಳೆಯ ನಗು ಬಂತು. ಆ ದಿನದಿಂದ ಹುಡುಗಿ ಸರಿಯಾಗಿ ಉಣ್ಣಲಿಲ್ಲ. ಗುರುವಾರ ಟ್ರಂಕಿಗೆ ಬಟ್ಟೆ ತುಂಬಿಕೊಂಡು, “ನಾನು ಊರಿಗೆ ಹೊಕ್ಕೀನ್ರಿ ಟೀಚರ್, ಸಾಲಿ ಒಲ್ಲೆ” ಎಂದು ಕೂತಳು. ಕಿತ್ತೂರಿನ ಪರೀಕ್ಷೆ ಹತ್ತಿರ ಬಂದಿತ್ತು. ಆ ಹುಡುಗಿ ಪಾಸಾಗುವವಳು. ಊರಿಗೆ ಹೋದರೆ ಮುಗಿಯಿತು, ತಾಯಿಯ ಹಿಂದೆ ಕೂಲಿಗೇ ಹೋಗಬೇಕು.

ಶಾಂತಕುಮಾರಿ ಉಜ್ಜಿನಿ ಹತ್ತಿರದ ಹಳ್ಳಿಯಲ್ಲಿದ್ದ ಮರುಳಸಿದ್ದಮ್ಮನಿಗೆ ಫೋನು ಮಾಡಿದಳು. ಅವಳೂ ಮುತ್ತು ಕಟ್ಟಿಸಿಕೊಂಡವಳೇ. ಹಾಜರಿಗೆ ಅಪ್ಪನ ಹೆಸರು ಬೇಕು ಎಂದ ಕೂಡಲೇ ಆಕೆ ಹೆದರಿದಳು.

“ಅವನ ಹೆಸರು ಹೇಳಿದ್ರ ನಮ್ಮನ್ನ ಊರಾಗ ಇರಾಕ ಬಿಡಂಗಿಲ್ರಿ ಅಕ್ಕಾರ.”

“ಅವನ ಹೆಸರು ಬ್ಯಾಡವಾ. ಯಾವುದಾರ ಒಂದು ಹೆಸರು ಹೇಳಿದ್ರಾತು. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ಒಂದು ಸುಳ್ಳಿನ್ಯಾಗ ನಿನ್ನ ಮಗಳು ಓದತಾಳಂದ್ರ ತಪ್ಪೇನೈತಿ?”

“ನೀವ ಹೇಳಿದ ಮ್ಯಾಲ ಸರಿ ಇರತೈತಿ ಬಿಡ್ರಿ. ಚಲೋ ಹೆಸರು ಇಡ್ರಿ ಮತ್ತ, ಕುಡಿಯೋರ ಹೆಸರು ಬ್ಯಾಡ” ಎಂದಳು. ಇಬ್ಬರೂ ನಕ್ಕರು.

ಶ್ರೀನಾಥ ಎಂದು ನಿಶ್ಚಯವಾಯಿತು. ಶಾಂತಕುಮಾರಿ ಸಮತಾಳನ್ನು ಒಬ್ಬಳನ್ನೇ ಕೂರಿಸಿಕೊಂಡು, ತಡವರಿಸದೆ ಹೇಳುವುದನ್ನು ಕಲಿಸಿದಳು. ಕಣ್ಣು ಕೆಳಗೆ ಹಾಕಬಾರದು, ದನಿ ಇಳಿಸಬಾರದು. ಮರುದಿನ ಹುಡುಗಿ “ಶ್ರೀನಾಥ ಅವರ ಮಗಳು ಸಮತಾ, ಬಂದೀನ್ರಿ” ಎಂದು ಗಂಟೆ ಹೊಡೆದಂತೆ ಹೇಳಿ ಕೂತಳು. ಹಾಜರಿ ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಹೆಸರು ಎಂದು ಟೀಚರೇ ಮೊದಲು ಹೇಳಿದ್ದಳು. ಯಾರೂ ನಗಲಿಲ್ಲ. ಶಾಂತಕುಮಾರಿಯ ಕಣ್ಣು ತುಂಬಿ ಬಂತು. ತಾನು ಕಲಿಸಿದ ಪಾಠಗಳಲ್ಲಿ ಇಷ್ಟು ಬೇಗ ಯಾರಿಗೂ ಯಾವುದೂ ತಲೆಗೆ ಹತ್ತಿರಲಿಲ್ಲ. ಆದರೆ ಈ ಸಂಗತಿಯನ್ನು ಅವಳು ಮನೆಯಲ್ಲಿ ದ್ಯಾಮಕ್ಕನಿಗೆ ಹೇಳಲಿಲ್ಲ.

ಹೆಸರು ಹುಟ್ಟಿದ ಮೇಲೆ ಮನುಷ್ಯ ಸುಮ್ಮನೆ ಕೂರುತ್ತಾನೆಯೇ? ಗೆಳತಿಯರು ಕೇಳುತ್ತ ಹೋದರು, ಶ್ರೀನಾಥ ಬೆಳೆಯುತ್ತ ಹೋದ. ಮೊದಲು ಬಳ್ಳಾರಿಯಲ್ಲಿ ನೌಕರಿ ಹಿಡಿದ, ವಾರದೊಳಗೆ ಇಂಜಿನಿಯರಾದ, ಆಮೇಲೆ ಬಿಳಿ ಕಾರು ಕೊಂಡ. ಶಾಂತಕುಮಾರಿಯ ಕಿವಿಗೂ ಇದು ಬಿತ್ತು. ಹುಡುಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಹೋಗಲಿ ಬಿಡು, ಮಕ್ಕಳ ಮಾತು ಎಂದು ಸುಮ್ಮನಾದಳು.

ಭಾನುವಾರ ತಂದೆತಾಯಿ ಬಂದು ಮಕ್ಕಳನ್ನು ನೋಡುವ ದಿನ. ಮಗಳನ್ನು ಬಿಟ್ಟು ಹೋದ ಮೇಲೆ ಮೊದಲ ಸಲ ಮರುಳಸಿದ್ದಮ್ಮ ಬಸ್ಸಿಳಿದು, ಬಿಸಿಲಲ್ಲಿ ನಡೆದು, ಶೇಂಗಾ ಹೋಳಿಗೆಯ ಚೀಲ ಹಿಡಿದು ಗೇಟಿನೊಳಗೆ ಬಂದಳು. ಸಮತಾ ಬೇವಿನ ಗಿಡದ ಕೆಳಗೆ ಗೆಳತಿಯರ ಜೊತೆ ಕೂತಿದ್ದಳು. ಶಾಂತಕುಮಾರಿ ಅಲ್ಲೇ ಮೆಟ್ಟಿಲ ಮೇಲಿದ್ದಳು.

“ಯಾರ ಅದು?” ಎಂದು ಒಬ್ಬಳು ಕೇಳಿದಳು.

ಸಮತಾ ಕಣ್ಣು ಕೆಳಗೆ ಹಾಕಲಿಲ್ಲ, ದನಿ ಇಳಿಸಲಿಲ್ಲ. “ನಮ್ಮ ಮನಿ ಕೆಲಸದಾಕಿ,” ಎಂದಳು.

“ನಿಮ್ಮಪ್ಪ ಇಂಜಿನಿಯರ್ ಅಲ್ಲನ? ಪಾಪ, ಕಾರಿನ್ಯಾಗ ಕಳಿಸಬಾರದಾ ಅಕಿನ್ನ?”

ಮರುಳಸಿದ್ದಮ್ಮನಿಗೆ ಎಲ್ಲ ಕೇಳಿಸಿತು. ಮಗಳ ತಲೆ ಸವರಲು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು, ಚೀಲವನ್ನು ಎರಡೂ ಕೈಯಿಂದ ಮುಂದೆ ಇಟ್ಟಳು. “ಅಮ್ಮಾರು ಕೊಟ್ಟು ಕಳಿಸ್ಯಾರವಾ. ಎಲ್ಲಾರೂ ಹಂಚಿಕೊಂಡು ತಿನ್ರಿ ಅಂದಾರ.”

ಸಮತಾ ಚೀಲ ತೆಗೆದುಕೊಂಡಳು. ಬಿಚ್ಚದೆ ಎದೆಗೆ ಅವುಚಿಕೊಂಡು ಕೂತಳು.

ಶಾಂತಕುಮಾರಿ ಮೆಟ್ಟಿಲಿಳಿದು ಓಡುವ ಹೊತ್ತಿಗೆ ಮರುಳಸಿದ್ದಮ್ಮ ಗೇಟು ತಲುಪಿದ್ದಳು. ಬೈಯಲಿ, ಎರಡು ಹೊಡೆಯಲಿ, ಏನಾದರೂ ಮಾಡಲಿ ಎಂದು ಶಾಂತಕುಮಾರಿ ಅವಳ ಎದುರು ನಿಂತಳು.

ಮರುಳಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು: “ಪರೀಕ್ಷಿ ಮುಗಿಯೋತನಕ ನಾನು ಬರಂಗಿಲ್ರಿ ಅಕ್ಕಾರ. ಕೆಲಸದಾಕಿ ವಾರ ವಾರ ಬಂದ್ರ ಹುಡುಗ್ರಿಗೆ ಸಂಶೆ ಬರತೈತಿ.”