ರಾಮದುರ್ಗದಿಂದ ಬಂದ ಹೆಣ್ಣು ಕುದುರೆ

ಕುದುರೆಗಳ ಆಮದು ಮತ್ತು ಅವುಗಳ ಅಂಟುರೋಗಗಳ ತಡೆಗೆ ಸಂಬಂಧಿಸಿದ ನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ನಾಲಿಗೆಯ ದೆಸೆಯಿಂದ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಬೈಲಹೊಂಗಲಕ್ಕೆ ಮರಳಿದ್ದ ನಾನು, ನಾಲ್ಕು ಜನ ಸೇರಿದಲ್ಲೆಲ್ಲ ಎದ್ದು ನಿಂತು ಮಾತಾಡುತ್ತಿದ್ದೆ. ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಒಂದೆರಡು ವರ್ಷವಾಗಿತ್ತು. ಹೈದರಾಬಾದ ಸೀಮೆಯ ಕುದುರೆಗಳು ವ್ಯಾಪಾರಿಗಳ ಹಿಂದೆ ರಾಮದುರ್ಗಕ್ಕೆ ಬಂದು, ಸವದತ್ತಿ ಹಾದು, ನಮ್ಮ ಟಾಂಗಾ ನಿಲ್ದಾಣದವರೆಗೆ ಅಡ್ಡಿಯಿಲ್ಲದೆ ತಲುಪುತ್ತಿದ್ದವು. ದನದ ದವಾಖಾನೆಯ ಡಾಕ್ಟರು ಒಂದು ದಿನ ನನ್ನನ್ನು ಕರೆಸಿ, ಇಂಗ್ಲಿಷಿನ ತೆಳು ಪುಸ್ತಿಕೆಯೊಂದನ್ನು ಕೈಗಿತ್ತರು.

"ಇಷ್ಟ್ ಮಾತಾಡ್ತೀರಲ್ಲ, ಇದನ್ನ ಟಾಂಗಾದವರಿಗೆ ತಿಳಿಯೂ ಹಂಗ ಬರೀರಿ. ಈ ಗ್ಲ್ಯಾಂಡರ್ಸ್ ರೋಗ ಬಂತಂದ್ರ ಕುದುರಿ ಅಷ್ಟ ಅಲ್ಲ, ಮನಶ್ಯಾನೂ ಉಳಿಯೂದಿಲ್ಲ."

ನಾನು ಹುರುಪಿನಿಂದ ಕುಳಿತೆ. ಆದರೆ ಎರಡನೆಯ ಪುಟದಲ್ಲಿಯೇ ಲೇಖನಿ ನಿಂತಿತು. ಹೊರಗಿನಿಂದ ತಂದ ಕುದುರೆಯನ್ನು ಪರೀಕ್ಷೆಯಾಗುವವರೆಗೆ ಉಳಿದವುಗಳಿಂದ ದೂರವಿಡಬೇಕು, ಅದು ನೀರು ಕುಡಿದ ಪಾತ್ರೆಯಲ್ಲಿ ಬೇರೆ ಕುದುರೆ ಕುಡಿಯಕೂಡದು, ಅದನ್ನು ಮುಟ್ಟಿದವರು ಕೈ ತೊಳೆಯಬೇಕು. ಇವನ್ನು ಹೇಳಲು ನಮ್ಮ ಮನೆಯ ಮಾತಿನಲ್ಲಿ ಸಿದ್ಧವಾಗಿದ್ದ ಶಬ್ದಗಳೆಂದರೆ ಮಡಿ, ಮೈಲಿಗೆ, ಸೂತಕ. ಯಾವ ಶಬ್ದಗಳನ್ನು ಊರಿನಿಂದ ಓಡಿಸಬೇಕೆಂದು ನಾನು ವೇದಿಕೆ ಏರುತ್ತಿದ್ದೆನೋ ಅವೇ ನನ್ನ ಕಾಗದದ ಮೇಲೆ ಬಂದು ಕೂರುತ್ತಿದ್ದವು. ಮೂರು ಸಲ ಬರೆದು ಮೂರು ಸಲ ಹರಿದೆ. ಕೊನೆಗೆ "ಬೇರೆ ಇಡತಕ್ಕದ್ದು" ಎಂದಷ್ಟೇ ಬರೆದು, ನಮ್ಮ ಟಾಂಗಾ ನಿಲ್ದಾಣದಲ್ಲಿ ಓದಿ ಹೇಳಿ, ಸೈಕಲ್ಲೇರಿ ನೇಸರಗಿಗೂ, ಬಸ್ಸು ಹತ್ತಿ ಕಿತ್ತೂರಿಗೂ ಹೋಗಿ ಓದಿ ಬಂದೆ.

ಕಿತ್ತೂರಿನಲ್ಲಿ, "ಈ ನಿಯಮಗಳಲ್ಲಿ ಕುದುರೆ ಎಂದರೆ ಕತ್ತೆ, ಹೇಸರಗತ್ತೆಗಳೂ ಸೇರಿ" ಎಂಬ ವಾಕ್ಯಕ್ಕೆ ನಗೆ ಎದ್ದಿತು.

"ಹಂಗಾರ ನಮ್ಮ ಅಗಸರ ಕಾಕಾನ ಮನ್ಯಾಗ ನಾಕ್ ಕುದುರಿ ಅದಾವ್ರಿ! ಸರದಾರ ಆದ ಬಿಡ್ರಿ ಅಂವಾ."

"ರಾಯರ, ಬ್ಯಾರೆ ಇಡ್ರಿ, ದೂರ ಇಡ್ರಿ ಅಂತ ಯಾಕ ತಿಣಕತೀರಿ? ಮೈಲಿಗಿ ಅಂತ ಬರೀರಿ, ಲಗೂನ ತಿಳೀತೈತಿ."

ನಗುವವರೊಡನೆ ನಗಲು ನನಗೆ ಆಗಲಿಲ್ಲ. ಅದಕ್ಕೆ ಕಾರಣ ಬೈಲಹೊಂಗಲದ ಟಾಂಗಾ ನಿಲ್ದಾಣದ ಕಲ್ಲಿನ ದೋಣಿ. ಎಲ್ಲ ಕುದುರೆಗಳೂ ಅದರಲ್ಲಿ ನೀರು ಕುಡಿಯುತ್ತಿದ್ದವು. ಆಗ ನಾವು ಹರಿಜನ ಕೇರಿ ಎನ್ನುತ್ತಿದ್ದ ಓಣಿಯಿಂದ ಬಂದ ಒಬ್ಬನೇ ಒಬ್ಬ ಟಾಂಗಾದವನ ಕುದುರೆ ಮಾತ್ರ ಬಾಲ್ದಿಯಲ್ಲಿ ಕುಡಿಯಬೇಕಿತ್ತು. ಹಿಂದಿನ ವರ್ಷ ಎರಡು ತಿಂಗಳು ವಾದಿಸಿ, ಅವನ ಕುದುರೆಯೂ ದೋಣಿಗೆ ಬಾಯಿಡುವಂತೆ ಮಾಡಿದ್ದೆ. ನನ್ನ ಅಲ್ಪ ಜೀವನದಲ್ಲಿ ಕಣ್ಣಿಗೆ ಕಾಣುವಂತೆ ಸಾಧಿಸಿದ್ದು ಅದೊಂದೇ.

ಆ ಕುದುರೆ ಮುದಿಯಾಗಿ ಸತ್ತಿತು. ಅವನು ರಾಮದುರ್ಗಕ್ಕೆ ಹೋಗಿ, ವ್ಯಾಪಾರಿಯೊಬ್ಬನಿಂದ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ತಂದ. ಸವದತ್ತಿಯಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ನಿಲ್ದಾಣಕ್ಕೆ ಬಂದಾಗ ಅದು ಬಾಯಾರಿತ್ತು. ಟಾಂಗಾದವರ ಹಿರಿಯ ದೋಣಿಗೆ ಅಡ್ಡ ನಿಂತಿದ್ದ.

"ಹೊರಗಿನ ಕುದುರಿ ಐತಿ. ಬ್ಯಾರೆ ಇಡು. ರಾಯರ ಓದ್ಯಾರ ಕೇಳಿಲ್ಲೇನ?"

ಸುತ್ತಲಿದ್ದ ಇಬ್ಬರು ಮೂವರು ನಕ್ಕರು. ಆ ನಗೆಯಲ್ಲಿ ಹಿಂದಿನ ವರ್ಷದ ಸೋಲಿನ ಸೇಡು ನನಗೆ ಕೇಳಿಸಿತು. ನಾನು ಬರೆದ ವಾಕ್ಯವನ್ನೇ ಹಿಡಿದು ಅವನನ್ನು ಮತ್ತೆ ಬಾಲ್ದಿಗೆ ತಳ್ಳುತ್ತಿದ್ದಾರೆ ಎಂದು ಮೈ ಉರಿಯಿತು.

ಕುದುರೆ ತಂದವನು ಮಾತ್ರ ಶಾಂತವಾಗಿದ್ದ. "ಇರ್ಲಿ ಬಿಡ್ರಿ ರಾಯರ. ಡಾಕ್ಟರ್ ಸಾಹೇಬ್ರು ತಿರುಗಾಟಕ್ಕ ಹೋಗ್ಯಾರಂತ. ಬರೂತನಾ ನಾ ಬಾಲ್ದೀಲೆ ಕುಡಸ್ತೇನಿ. ಕುದುರಿಗೇನ್ ಅವಮಾನ ಇಲ್ರಿ."

"ಕುದುರಿಗಿಲ್ಲ, ನಿಮಗದ," ಎಂದೆ. ಮುಂದೆ ನಿಂತು ವಾದ ಹೂಡಿದೆ. ಆಮದು ಎಂಬುದಕ್ಕೆ ಪುಸ್ತಿಕೆ ಕೊಟ್ಟ ಅರ್ಥ ಪ್ರಾಂತದ ಗಡಿಯ ಹೊರಗಿನಿಂದ ತರುವುದು. ರಾಮದುರ್ಗ ಈಗ ಪ್ರಾಂತದ ಒಳಗಿದೆ. ಆದ್ದರಿಂದ ರಾಮದುರ್ಗದಲ್ಲಿ ಕೊಂಡ ಕುದುರೆ ಆಮದಾದ ಕುದುರೆಯಲ್ಲ. ಈ ನಿಯಮ ಅದಕ್ಕೆ ತಗಲುವುದಿಲ್ಲ. ವ್ಯಾಪಾರಿ ಅದನ್ನು ಎಲ್ಲಿಂದ ತಂದಿದ್ದನೆಂದು ನಾನು ಕೇಳಲಿಲ್ಲ. ಕೇಳಿದ್ದರೆ ನನ್ನ ವಾದ ಬಿದ್ದುಹೋಗುತ್ತಿತ್ತು. ಬಹುಶಃ ಅದಕ್ಕಾಗಿಯೇ ಕೇಳಲಿಲ್ಲ.

ಹಿರಿಯ ಪಕ್ಕಕ್ಕೆ ಸರಿದ. "ನೀವ ಓದಿದ್ರಿ, ನೀವ ಮುರದ್ರಿ. ಮುಂದಿಂದು ದೇವರ ನೋಡ್ಕೊಳ್ಳಿ."

ಟಾಂಗಾದವನು ಇನ್ನೂ ಹಿಂಜರಿಯುತ್ತಿದ್ದ. ನಾನೇ ಹಗ್ಗ ಹಿಡಿದು ಕುದುರೆಯನ್ನು ದೋಣಿಯ ಬಳಿಗೆ ನಡೆಸಿದೆ. ಅದು ಮೂಗು ಮುಳುಗಿಸಿ ಬಹಳ ಹೊತ್ತು ಕುಡಿಯಿತು. ಮೂಗಿನ ಒಂದು ಹೊಳ್ಳೆ ಒದ್ದೆಯಾಗಿತ್ತು. ದಾರಿಯ ಧೂಳಿನಿಂದ ಇರಬೇಕೆಂದುಕೊಂಡೆ.

ಆರನೆಯ ದಿನ ಡಾಕ್ಟರು ಬಂದರು. ಆ ಹೊಳ್ಳೆಯನ್ನು ನೋಡಿದವರೇ ಕುದುರೆಯ ಕೆಳರೆಪ್ಪೆಗೆ ಪರೀಕ್ಷೆಯ ಮದ್ದು ಚುಚ್ಚಿದರು. ಎರಡು ದಿನಗಳಲ್ಲಿ ಕಣ್ಣು ಊದಿ, ಮುಚ್ಚಿ, ಕೀವು ಇಳಿಯತೊಡಗಿತು. ಗ್ಲ್ಯಾಂಡರ್ಸ್ ಖಚಿತವಾಯಿತು.

"ಇದನ್ನ ದೋಣಿಗೆ ಬಿಟ್ಟವರ್ಯಾರು?"

ಎಲ್ಲರ ಕಣ್ಣೂ ಟಾಂಗಾದವನ ಮೇಲೆ ಹೋದವು. ಅವನು ತಲೆ ತಗ್ಗಿಸಿ ನಿಂತ. ನನ್ನ ಕಡೆ ಬೆರಳು ತೋರಿಸಲಿಲ್ಲ. ಪೂರ್ವಪಕ್ಷ, ಉತ್ತರಪಕ್ಷಗಳನ್ನು ಕ್ಷಣಾರ್ಧದಲ್ಲಿ ಕಟ್ಟುತ್ತಿದ್ದ ನಾನು ಒಂದು ಸಣ್ಣ ವಾಕ್ಯ ಹೇಳಲು ಮುಂದೆ ಬಂದೆ. "ನಾನು ಬಿಟ್ಟೆ. ಅವರು ಬ್ಯಾಡ ಅಂದಿದ್ರು," ಎಂದೆ.

ನಿಲ್ದಾಣದ ಕುದುರೆಗಳಿಗೆಲ್ಲ ಅದೇ ಪರೀಕ್ಷೆಯ ಮದ್ದು ಚುಚ್ಚಿದರು. ದೋಣಿಯನ್ನು ಬರಿದುಮಾಡಿ ಸುಣ್ಣ ಸುರಿದರು. ಫಲ ತಿಳಿಯುವವರೆಗಿನ ಎರಡು ದಿನ ನಾನು ಎಲ್ಲಿಯೂ ಕೂರಲಾರದೆ ಹೋದೆ. ನೇಸರಗಿಯ ದಾರಿಯಲ್ಲಿ ಸೈಕಲ್ ತುಳಿದು ಅರ್ಧದಲ್ಲಿಯೇ ತಿರುಗಿ ಬರುತ್ತಿದ್ದೆ. ಬಂದು ಒಂದೊಂದು ಕುದುರೆಯ ಕಣ್ಣನ್ನೂ ದೂರದಿಂದ ನೋಡಿ ಮತ್ತೆ ಹೊರಡುತ್ತಿದ್ದೆ. ಒಂದು ಕಣ್ಣು ಊದಿದರೆ ಒಂದು ಮನೆಯ ಒಲೆ ಆರುತ್ತದೆ ಎಂಬುದು ಒಂದು ಕಡೆ. ಊದಿದರೆ ಆ ಕೇರಿಯ ಕುದುರೆಗೆ ದೋಣಿ ಎಂದೆಂದಿಗೂ ಮುಚ್ಚುತ್ತದೆ, ಅದಕ್ಕೆ ಕಾರಣ ನಾನಾಗುತ್ತೇನೆ ಎಂಬುದು ಇನ್ನೊಂದು ಕಡೆ.

ಯಾವ ಕಣ್ಣೂ ಊದಲಿಲ್ಲ. ಅದೇ ಸಂಜೆ ಊರ ಹೊರಗಿನ ಬೀಳಿನಲ್ಲಿ ಹೆಣ್ಣು ಕುದುರೆಗೆ ಗುಂಡು ಹಾಕಿ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿದರು. ಟಾಂಗಾದವನು ಕೊನೆಯವರೆಗೂ ಹಗ್ಗ ಹಿಡಿದು ನಿಂತಿದ್ದ. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನಿಲ್ದಾಣದಲ್ಲಿ ಸಭೆ ಸೇರಿತು. ಕೆಲವರು ನಾನು ಹೆದರಿದ ಮಾತನ್ನೇ ಆಡಿದರು: ಇನ್ನು ಮೇಲೆ ಅವನ ಕುದುರೆ ದೋಣಿಗೆ ಬರಕೂಡದು. ನಾನು ಬಾಯಿ ತೆರೆಯುವ ಮೊದಲೇ ಹಿರಿಯ ಕೈ ಎತ್ತಿದ.

"ಅವಂದೇನ್ ತಪ್ಪೈತಿ? ಬಾಲ್ದೀಲೆ ಕುಡಸ್ತೇನಿ ಅಂದಿದ್ದ, ನಾನ ಕೇಳೇನಿ. ದೋಣಿ ಅವಂದೂ ಐತಿ." ಆಮೇಲೆ ನನ್ನ ಕಡೆ ತಿರುಗಿದ. "ರಾಯರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಭಾಷಣ ಮಾತ್ರ ಇನ್ ಇಲ್ಲಿ ಬ್ಯಾಡ."

ಅಂದು ನಾನು ಅವನ ಮಾತಿನಲ್ಲಿ, ಉಳಿದವರ ನಗೆಯಲ್ಲಿ ಕೇಳಿದ್ದು ಸೇಡೋ, ತಮ್ಮ ಕುದುರೆಗಳಿಗೆ ಏನಾದೀತೆಂಬ ಭಯವೋ ಎಂದು ಇಂದಿಗೂ ನಿರ್ಧರಿಸಲಾರೆ. ಎರಡೂ ಇದ್ದಿರಬಹುದು. ನಾನು ಒಂದನ್ನು ಮಾತ್ರ ಕೇಳಲು ಸಿದ್ಧನಾಗಿದ್ದೆ.

ಟಾಂಗಾದವನು ಅನೇಕ ತಿಂಗಳು ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ಕೂಲಿ ಮಾಡಿದ. ಮುಂದಿನ ಸುಗ್ಗಿ ಕಳೆದ ಮೇಲೆ ಅವನ ಮನೆಯ ಹಿಂದೆ ಹೊಸ ಕುದುರೆ ಬಂದಿದೆಯೆಂದು ಕೇಳಿ ನೋಡಲು ಹೋದೆ. ಕುದುರೆಯ ಸುತ್ತ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದ. ಸಂತೋಷದಿಂದ ಅದನ್ನು ದಾಟಲು ಕಾಲೆತ್ತಿದೆ.

"ಅಲ್ಲೇ ನಿಂದರ್ರಿ ರಾಯರ!" ಅವನ ಧ್ವನಿ ಗಡುಸಾಗಿತ್ತು. "ಡಾಕ್ಟರ್ ಪರೀಕ್ಷಾಕ್ಕ ಇನ್ನೂ ಒಂಬತ್ತ್ ದಿನ ಐತಿ. ಯಾರನ್ನೂ ಬಿಡೂದಿಲ್ಲ, ನಿಮ್ಮನ್ನೂ."

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಗೆರೆಯ ಆಚೆ ನಿಂತೇ ಕುದುರೆಯ ಹೊಳ್ಳೆಗಳನ್ನು ನೋಡಿದೆ. ಎರಡೂ ಒಣಗಿದ್ದವು.