ಮಸ್ಕತ್‌ಗೆ ಎಷ್ಟು ಬುತ್ತಿ

ನಮ್ಮ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ದೂರವನ್ನು ಬುತ್ತಿಯಲ್ಲಿ ಅಳೆಯುತ್ತಿದ್ದಳು. ನಮ್ಮೂರು ಔರಾದದಿಂದ ಭಾಲ್ಕಿಗೆ ಬುತ್ತಿಯೇ ಬೇಡ. ಹೈದರಾಬಾದಿಗೆ ಒಂದು, ಪುಣೆಗೆ ಎರಡು, ಮುಂಬೈಗೆ ಮೂರು. ಒಂದು ಬುತ್ತಿ ಎಂದರೆ ದಾರಿಯಲ್ಲಿ ಒಂದು ಹೊತ್ತಿಗೆ ಸಾಲುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಮೂರು ಬುತ್ತಿ ದಾಟಿದ ಊರಿಗೆ ಮನೆಯ ಹೆಣ್ಣುಮಕ್ಕಳನ್ನು ಕಳಿಸಬಾರದೆಂಬುದು ಅವಳ ಕಾಯ್ದೆ. ಮನೆಯಲ್ಲಿ ಏನಾದರೂ ಆದರೆ ಹೊತ್ತಿಗೆ ಬಂದು ಮುಟ್ಟಬೇಕಲ್ಲ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ನಮ್ಮ ಓಣಿಯಲ್ಲಿ ಹನ್ನೊಂದು ಮನೆಗೆ ಬೀಗ ಬಿದ್ದಿತ್ತು. ಡೈರಿಯಲ್ಲಿ ಬರೆದಿಟ್ಟಿದ್ದೆ: ಆರು ಮನೆಯವರು ಪುಣೆಗೆ, ನಾಲ್ಕು ಹೈದರಾಬಾದಿಗೆ, ಒಂದು ಮುಂಬೈಗೆ. ಆಗಲೇ ಬೀದರಿನಲ್ಲಿ ನರ್ಸ್ ಆಗಿದ್ದ ಅಕ್ಕನಿಗೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಪ್ಪ, ಅವ್ವ ಒಪ್ಪಿದರು. ಆದರೆ ಆಯಿ ಹೂಂ ಎನ್ನದೆ ಅಕ್ಕ ಹೊರಡುವವಳಲ್ಲ.

ಮಸ್ಕತ್ತಿಗೆ ಎಷ್ಟು ಬುತ್ತಿ ಎಂಬ ಲೆಕ್ಕ ನನ್ನ ಪಾಲಿಗೆ ಬಂತು. ಹೈದರಾಬಾದಿನ ವಿಮಾನ ನಿಲ್ದಾಣದಿಂದ ಮಸ್ಕತ್ತಿನದಕ್ಕೆ ಸುಮಾರು ಎರಡು ಸಾವಿರದ ಇನ್ನೂರು ಕಿಲೋಮೀಟರ್, ಆದರೆ ಬರೀ ಮೂರೂವರೆ ತಾಸು, ಪುಣೆಯ ಬಸ್ಸಿಗಿಂತ ಎಷ್ಟೋ ಕಡಿಮೆ ಎಂದು ಹೇಳಿದೆ. ಅಕ್ಕ ಇನ್ನಷ್ಟು ಇಳಿಸಿದಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಹತ್ತಕ್ಕೆ ಹೊರಟರೆ ಹನ್ನೆರಡಕ್ಕೇ ಇಳಿಯಬಹುದು.

"ನಿನ್ನ ಹೊಟ್ಟಿ ಗಡಿಯಾರ ನೋಡಿ ಹಸೀತದೇನು?" ಎಂದಳು ಆಯಿ.

ಮನೆ ಬಾಗಿಲಿನಿಂದ ಎಣಿಸಲು ಹೇಳಿದಳು. ಬೀದರ್ ಮೇಲೆ ಹೈದರಾಬಾದಿಗೆ ಒಂದು ಬುತ್ತಿ. ವಿಮಾನಕ್ಕೆ ಮೂರು ತಾಸು ಮೊದಲೇ ಹೋಗಿ ಕೂರಬೇಕು, ಅಲ್ಲಿಗೊಂದು. ವಿಮಾನದಲ್ಲೊಂದು. ಇಳಿದು, ಸಾಮಾನು ಬಿಡಿಸಿಕೊಂಡು ರೂಮು ಸೇರುವಷ್ಟರಲ್ಲಿ ಇನ್ನೊಂದು. ಸುಮ್ಮನೆ ಕೂತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಎಂದು ನಾನು ವಾದಿಸಿದೆ. ಆಯಿ ಜಗ್ಗಲಿಲ್ಲ.

ಒಟ್ಟು ನಾಲ್ಕು. ಅಕ್ಕನ ಮುಖ ಸಣ್ಣದಾಯಿತು. ಎದ್ದು ಒಳಗೆ ಹೋದವಳು ಅರ್ಧ ದಾರಿಯಿಂದಲೇ ತಿರುಗಿ ಬಂದಳು.

"ಆಯಿ, ವಿಮಾನದಾಗ ಊಟ ಅವ್ರೇ ಕೊಡ್ತಾರ. ಅದು ನಮ್ಮ ಬುತ್ತಿ ಹ್ಯಾಂಗಾಗ್ತದ?"

ಆಯಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು. "ಹಂಗಾದ್ರ ಮೂರೇ ಆಯ್ತು. ಹೋಗಿ ಬಾ" ಎಂದಳು.

ಹೊರಡುವ ದಿನ ಅಕ್ಕನ ಚೀಲದಲ್ಲಿ ಬುತ್ತಿಯ ಗಂಟು ನಾಲ್ಕಿದ್ದವು. ಎಣಿಸುತ್ತಿದ್ದ ನನ್ನನ್ನು ಆಯಿ ಆಟೋ ಬಂತೇ ನೋಡಲು ಅಟ್ಟಿದಳು.

ಮರುದಿನ ಅಕ್ಕನ ಫೋನ್ ಬಂತು. ವಿಮಾನದಲ್ಲಿ ಊಟ ಕೊಡಲೇ ಇಲ್ಲವಂತೆ. ಬೇಕಾದವರು ಕೊಂಡು ತಿನ್ನಬೇಕು. ಇವಳು ಆ ಹೆಚ್ಚಿನ ಗಂಟು ಬಿಚ್ಚಿದಾಗ ಹಿಂಡಿಯ ವಾಸನೆಗೆ, ಪಕ್ಕದಲ್ಲಿದ್ದ ಮನೆ ಕಟ್ಟುವ ಕೆಲಸಕ್ಕೆ ಹೊರಟಿದ್ದ ನಿಜಾಮಾಬಾದ್ ಕಡೆಯ ಇಬ್ಬರು ಗೌಂಡಿಗಳೂ ಕೈ ಚಾಚಿದರಂತೆ.

"ಆಯಿಗಿ ಹೇಳಬ್ಯಾಡ," ಎಂದಳು. "ನಾಕಾಯ್ತಂದ್ರ ವಾಪಸ್ ಕರಸ್ತಾಳ."

ಅಕ್ಕ ಮೂರೇ ಬುತ್ತಿಯಲ್ಲಿ ಮುಟ್ಟಿದಳು ಎಂದು ಆಯಿಗೆ ವರದಿ ಒಪ್ಪಿಸಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನಾಕನೇದ್ರಾಗ ಹಿಂಡಿ ಜರಾ ಜಾಸ್ತಿ ಇಟ್ಟಿದ್ದೆ. ಸಾಲ್ತಂತೇನು?"

"ಬಾಜೂಕ ಕುಂತವ್ರಿಗೂ ಸಾಲ್ತಂತ," ಎಂದೆ.