ತುಳಸಿಮಾಲೆಯ ಪಕ್ಕದ ತಂತಿ

ನಮ್ಮ ಅತ್ತೆಯವರು ಕೆಂಪು ಮಡಿಸೀರೆಯ ಸೆರಗನ್ನು ತಲೆಯ ಮೇಲಿಂದ ತಂದು, ಎದೆಗೆ ಅಡ್ಡ ಎಳೆದು, ಸೊಂಟಕ್ಕೆ ಎಷ್ಟು ಬಿಗಿಯಾಗಿ ಸಿಕ್ಕಿಸುತ್ತಿದ್ದರೆಂದರೆ, ಕಾಗಿಣಾ ನದಿಯ ದಂಡೆಯ ಬೇಸಗೆ ಗಾಳಿಗೂ ಅದು ಅಲ್ಲಾಡುತ್ತಿರಲಿಲ್ಲ. ಸೇಡಂನಿಂದ ದಂಡೋತಿಗೆ ಹೊಸ ಸೊಸೆಯಾಗಿ ಬಂದ ನನ್ನ ಸೆರಗು ಮಾತ್ರ ಒಲೆ, ಬಾವಿ, ಮುಳ್ಳುಬೇಲಿ ಎಲ್ಲದರ ಜೊತೆಗೂ ನಂಟಸ್ತನ ಬೆಳೆಸುತ್ತಿತ್ತು. ಮೊದಲ ವಾರವೇ ಅಂದಿದ್ದರು: "ಸಡಲ ಅರಿವಿ, ಸಡಲ ನಾಲಿಗಿ, ಎರಡೂ ಮನಿ ಕೆಡಸ್ತಾವ ನೋಡವಾ. ಅರಿವಿ ಮೊದಲು ಬಿಗಿ ಮಾಡ್ಕೊ. ನಾಲಿಗಿ ಆಮ್ಯಾಲ ನೋಡೋಣು." ನಾಲಿಗೆ ಇವತ್ತಿಗೂ ಬಿಗಿಯಾಗಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಿಜಾಮರ ಕಾಲ ಅದು. ನಮ್ಮ ಮನೆಯವರು ವಾಡಿಯಲ್ಲಿ ರೈಲಿನ ಕೆಲಸ ಕಲಿತು, ತಾಯಿ ಒಬ್ಬರೇ ಇದ್ದಾರೆಂದು ಊರಿಗೆ ಮರಳಿದ್ದರು. ಶಹಾಬಾದಿನಲ್ಲಿದ್ದ ಒಬ್ಬ ಬಿಳಿಯ ದೊರೆ ತನ್ನ ದೇಶಕ್ಕೆ ಹೋಗುವಾಗ, ಗುಲಾಬಿ ತೋಟದ ನೆಲ ಹರಗುವ ಮಶಿನನ್ನು ಇವರಿಗೆ ಕೊಟ್ಟು ಹೋದ. ಅದು ಚಕ್ಕಡಿಯಲ್ಲಿ ಬಂದಿಳಿದಾಗ ಅರ್ಧ ಊರು ನಮ್ಮ ಅಂಗಳದಲ್ಲಿತ್ತು. ನಡೆಸುವವನು ಹಿಂದಿನಿಂದ ಹಿಡಿಯಲು ಎರಡು ಹಿಡಿಕೆ, ಮುಂದೆ ಪುಟ್ಟ ಎಂಜಿನ್, ಕೆಳಗೆ ಮಣ್ಣು ಕೆದರುವ ಅಲಗುಗಳು, ಪಕ್ಕದಲ್ಲಿ ಮುಚ್ಚಳವಿಲ್ಲದ ಒಂದು ಚಕ್ರ. ಆ ಚಕ್ರಕ್ಕೆ ಹಗ್ಗ ಸುತ್ತಿ ಜಗ್ಗಿದರೆ ಎಂಜಿನ್ ಚಾಲೂ ಆಗುತ್ತಿತ್ತು.

ಎಲ್ಲರೂ "ಎಷ್ಟು ನೆಲ ಹರಗತದ?" ಎಂದು ಕೇಳುತ್ತಿದ್ದರೆ ಅತ್ತೆಯವರು ಅದರ ಸುತ್ತ ಒಂದು ಸುತ್ತು ಬಂದು ಮಗನನ್ನು ಕೇಳಿದರು: "ಇದರ ಕೊಂಬು ಎಲ್ಲೆಲ್ಲಿ ಅದಾವ, ಮೊದಲು ಅದನ್ನ ತೋರಸು."

ಇವರು ನಕ್ಕರೂ ತೋರಿಸಿದರು. ಅಲಗು, ತಿರುಗುವ ಚಕ್ರ, ಕಾದು ಕೆಂಡವಾಗುವ ಹೊಗೆ ಕೊಳವೆ, ಕಿಡಿ ಒಯ್ಯುವ ತಂತಿ. ಆ ತಂತಿ ಕಿತ್ತರೆ ಎಂಜಿನ್ ಸಾಯುತ್ತದೆ ಎಂದೂ ಹೇಳಿದರು. ಅತ್ತೆಯವರು ಕೇಳಿ ತಲೆಯಾಡಿಸಿದರು. ಅಂದಿನಿಂದ ಅದು ಅವರ ಲೆಕ್ಕದಲ್ಲಿ ಒಂದು ಹಾಯುವ ಎತ್ತು. ಹೂಡುವ ಮೊದಲು ಹಿಂದೆ ಮುಂದೆ ಯಾರಿದ್ದಾರೆ ನೋಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಎತ್ತು ಬೆದರಿದರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಅಲಗಿಗೆ ಹುಲ್ಲು ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿಯೇ ಬಿಡಿಸಬೇಕು. ಬಿಸಿ ಇರುವಾಗ ಪೆಟ್ರೋಲ್ ಸುರಿಯಬಾರದು. "ಬೆವತ ಎತ್ತಿಗಿ ನೀರು ಕುಡಸ್ತಾರೇನೋ? ತಣ್ಣಗಾಗಲಿ, ನೀನೂ ಕುಂದ್ರು" ಎಂದು ಮಗನಿಗೆ ಮಜ್ಜಿಗೆ ಕೊಡುತ್ತಿದ್ದರು. ಮಶಿನಿನ ನೆಪದಲ್ಲಿ ಮಗನಿಗೆ ವಿಶ್ರಾಂತಿ ಕೊಡಿಸುವ ಜಾಣತನವೂ ಅದರಲ್ಲಿತ್ತೆಂದು ನನ್ನ ಗುಮಾನಿ.

ಆ ವರ್ಷದ ಮಹಾನವಮಿ. ಖಂಡೇಪೂಜೆಗೆ ಅಂಗಳದಲ್ಲಿ ಕುಂಟೆ, ಸಲಿಕೆ, ಕುಡಗೋಲುಗಳ ಸಾಲಿನಲ್ಲಿ ಮಶಿನನ್ನೂ ನಿಲ್ಲಿಸಿದ್ದರು. ಪೂಜೆ ಮಾಡುವವರು ದೊಡ್ಡ ಮಾವನವರು, ಅಂದರೆ ಅತ್ತೆಯವರ ಗಂಡನ ಅಣ್ಣ. ಊರ ಗುಡಿಯ ಸೇವೆಯೂ ಅವರದೇ. ಆರತಿತಟ್ಟೆ ನನ್ನ ಕೈಯಲ್ಲಿತ್ತು. ಅತ್ತೆಯವರು ವಿಧವೆ, ಆ ಕೆಂಪು ಸೀರೆಯೇ ಅದರ ಗುರುತು. ಶುಭದ ಹೊತ್ತಿನಲ್ಲಿ ಮುಂದೆ ಬರಬಾರದೆಂದು ತಾವಾಗಿಯೇ ಬಾಗಿಲ ಹಿಂದೆ ನಿಂತಿದ್ದರು.

ದೊಡ್ಡ ಮಾವನವರು ಮಶಿನಿಗೆ ಕುಂಕುಮ ಹಚ್ಚಲು ಹೋಗಿ ಕೈ ಹಿಂದೆಗೆದರು. "ಕಾರಹುಣ್ಣಿಮಿಗೆ ಎತ್ತಿನ ಪೂಜಿ ಮಾಡ್ತೀವಿ, ಅದು ಉಸರಾಡ್ತಿರತದ. ಇದು ಹಿಂಗ ಹೆಣದಂಗ ಬಿದ್ದಿದ್ರ ಪೂಜಿ ಯಾರಿಗಿ ಮುಟ್ಟತದೋ? ಚಾಲೂ ಮಾಡು."

ಬಾಗಿಲ ಹಿಂದಿನಿಂದ ಅತ್ತೆಯವರ ದನಿ ಬಂತು: "ಶಲ್ಯ ಹೊದ್ದೀಯಪಾ. ಬ್ಯಾಡ."

ಇವರು ಒಮ್ಮೆ ಬಾಗಿಲ ಕಡೆ, ಒಮ್ಮೆ ದೊಡ್ಡಪ್ಪನ ಕಡೆ ನೋಡಿದರು. ಹಿರಿಯರ ಮಾತು ಮೀರುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಗ್ಗ ಸುತ್ತಿ ಜಗ್ಗಿದರು. ಎಂಜಿನ್ ಗುಡುಗಿತು. ದೊಡ್ಡ ಮಾವನವರು ಸಂತೋಷದಿಂದ ಅಕ್ಷತೆ ಎರಚಿ, ಕುಂಕುಮ ನೀನೇ ಹಚ್ಚೆಂದು ಸನ್ನೆ ಮಾಡಿದರು. ಇವರು ಬಗ್ಗಿದರು. ಹೆಗಲ ಮೇಲಿನ ಹೊಸ ಶಲ್ಯದ ತುದಿ ಜಾರಿ ಚಕ್ರಕ್ಕೆ ಬಿತ್ತು.

ಕಣ್ಣು ಮಿಟುಕಿಸುವಷ್ಟರಲ್ಲಿ ಶಲ್ಯ ಕುತ್ತಿಗೆಗೆ ಬಿಗಿದು, ಇವರ ಮುಖ ಚಕ್ರದ ಹತ್ತಿರ ಹೋಗುತ್ತಿತ್ತು. ಕೂಗಲು ಉಸಿರೇ ಇಲ್ಲ. ದೊಡ್ಡ ಮಾವನವರು "ಹರಿ, ಹರಿ" ಎನ್ನುತ್ತ ನಿಂತಲ್ಲೇ ನಿಂತಿದ್ದರು. ನಾನು ತಟ್ಟೆ ಹಿಡಿದ ಕಂಬ. ಆಗ ಕೆಂಪು ಸೀರೆಯೊಂದು ನನ್ನನ್ನು ತಳ್ಳಿಕೊಂಡು ಮುಂದೆ ಬಂತು. ಅತ್ತೆಯವರು ಚಕ್ರಕ್ಕೂ ಕೈ ಹಾಕಲಿಲ್ಲ, ಮಗನನ್ನೂ ಜಗ್ಗಲಿಲ್ಲ. ನೇರವಾಗಿ ಆ ತಂತಿಗೆ ಕೈ ಹಾಕಿ ಕಿತ್ತರು. ಅವರ ಮೈಯೆಲ್ಲ ಝಗ್ಗನೆ ನಡುಗಿತು. ಎಂಜಿನ್ ಕೆಮ್ಮಿ ನಿಂತಿತು.

"ಕುಡಗೋಲು ಕೊಡವಾ, ಜಲ್ದಿ."

ಕುಂಕುಮ ಹಚ್ಚಿದ ಕುಡಗೋಲನ್ನೇ ಕೊಟ್ಟೆ. ಶಲ್ಯ ಕೊಯ್ದು ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಇವರು ಕೆಮ್ಮಿ ಉಸಿರೆಳೆದಾಗಲೇ ನನಗೆ ಅಳು ಬಂದದ್ದು.

ಗಾಬರಿಯಲ್ಲಿ ದೊಡ್ಡ ಮಾವನವರ ಬಾಯಿಗೆ ಬಂದದ್ದು ಹಳೆಯ ಮಾತೇ: "ಆರತಿ ಆಗೂಕಿಂತ ಮೊದಲು ನೀ ಮುಂದ ಬಂದ್ಯಲ್ಲ, ತಂಗೀ."

ಅತ್ತೆಯವರು ಭಾವನವರ ಎದುರು ನೇರವಾಗಿ ಬಾಯಿ ತೆರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಗನ ತಲೆ ಸವರುತ್ತ, ಸಿಟ್ಟಿಲ್ಲದೆ ಕೇಳಿದರು: "ಆರತಿ ಆಗೂತನಕ ಮಶಿನ್ ಕಾಯ್ತಿತ್ತೇನ್ರಿ, ಭಾವನವರ?"

ಆ ಹಿರಿಯರು ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತರು. ಅವರ ಬಗ್ಗೆ ನನಗೆ ಕೋಪವಿಲ್ಲ. ಮರುವರ್ಷದ ಖಂಡೇಪೂಜೆಗೆ ಅವರೇ ಬಾಗಿಲ ಕಡೆ ತಿರುಗಿ ಕರೆದರು: "ಹೊರಗ ಬಾರವಾ ತಂಗೀ. ಮಶಿನ್ ಮಲಗೇದೇನು ನೋಡಿ ಹೇಳು. ನೀ ಹೇಳಿದ ಮ್ಯಾಲೇ ಪೂಜಿ." ಅತ್ತೆಯವರು ಬಂದು, ನೋಡಿ, "ಮಲಗೇದ್ರಿ" ಅಂದರು. ಆಮೇಲೆ ಪ್ರತಿ ವರ್ಷ ನಮ್ಮ ಮನೆಯ ಪೂಜೆ ಆ ಮಾತಿನಿಂದಲೇ ಶುರುವಾಗುತ್ತಿತ್ತು.

ತಂತಿ ಕಿತ್ತ ದಿನ ಹೊಗೆ ಕೊಳವೆ ತಾಗಿ ಸುಟ್ಟ ಗುರುತು ಅವರ ಬಲ ಅಂಗೈಯಲ್ಲಿ ಉಳಿಯಿತು. ಕೆಲಸ ಮುಗಿದ ಮೇಲೆ ಮಗ ತಂತಿ ಕಳಚಿ ಮನೆಗೆ ತರಬೇಕೆಂಬ ಕಟ್ಟಳೆಯೂ ಅಂದಿನದೇ. ದೇವರಮನೆಯ ಗೂಟಕ್ಕೆ, ತಮ್ಮ ತುಳಸಿಮಾಲೆಯ ಪಕ್ಕದಲ್ಲಿ ಅದನ್ನು ತೂಗುಹಾಕುತ್ತಿದ್ದರು. "ಮಡಿಗಿ ಮೈಲಿಗಿ ಆಗಂಗಿಲ್ಲೇನ್ರಿ ಅತ್ತಿ?" ಎಂದು ಛೇಡಿಸಿದರೆ, "ನನ್ನ ಮಗನ ಉಸರು ಅದು. ಅದಕ್ಕ ಎಲ್ಲೀ ಮೈಲಿಗಿ?" ಅನ್ನುತ್ತಿದ್ದರು.

ರಜಾಕಾರರ ಗದ್ದಲಕ್ಕೆ ಸ್ವಲ್ಪ ಮೊದಲು, ಒಂದು ಶ್ರಾವಣದ ಬೆಳಗ್ಗೆ, ಜ್ವರದಲ್ಲಿದ್ದ ಅವರ ಉಸಿರು ಏರತೊಡಗಿತು. ನಾನು ತೋಟಕ್ಕೆ ಓಡಿದೆ. "ಅತ್ತಿಯವರು ಹೊಂಟಾರ, ಜಲ್ದಿ ಬರ್ರಿ" ಎಂದು ಕೂಗಿದೆ. ಇವರು ಎಂಜಿನ್ ನಿಲ್ಲಿಸಿದರು. ಚಕ್ರ ಪೂರ್ತಿ ನಿಲ್ಲುವವರೆಗೆ ನಿಂತರು. ತಂತಿ ಕಳಚಿದರು. ನನಗೆ ಎದೆ ಒಡೆಯುವ ಆತುರ; ಇವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಕೈ ಮಾತ್ರ ತಪ್ಪಲಿಲ್ಲ. ಆಮೇಲೆ ಓಡಿದರು.

ಅತ್ತೆಯವರು ಕಣ್ಣು ತೆರೆದು ಕೇಳಿದರು: "ಚಕ್ರ ನಿಂತಿತ್ತೇನಪಾ?"

"ನಿಂತಿತ್ತವ್ವಾ. ತೊಗೊ." ಇವರು ತಂತಿಯನ್ನು ಆ ಸುಟ್ಟ ಗುರುತಿನ ಮೇಲೆ ಇಟ್ಟರು. ಅವರು ಮೆಲ್ಲಗೆ ಬೆರಳು ಮಡಿಚಿದರು. ಅವರ ಬಾಯಿಗೆ ತುಳಸಿನೀರು ಬಿಟ್ಟವಳು ನಾನೇ.

ಆಮೇಲೆ ಬಹಳ ವರ್ಷ ನಾನು ಮುತ್ತೈದೆಯಾಗಿ ಬಾಳಿದೆ, ಮಕ್ಕಳನ್ನು ಹೆತ್ತೆ, ಇವರ ತಲೆ ಬೆಳ್ಳಗಾದದ್ದನ್ನು ಕಂಡೆ. ದಿನಾ ಬೆಳಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಮೊದಲು ನೆನಪಾಗುತ್ತಿದ್ದುದು ದೇವರಲ್ಲ, ಹಣೆಯಲ್ಲಿ ಕುಂಕುಮವಿಲ್ಲದ ಅತ್ತೆಯವರ ಆ ಮುಖ.